ಅಕ್ಷತೆಯ ಡಬ್ಬಿಯಲ್ಲಿ ಚಾರ್ಜರು

ವಾರಕ್ಕೆ ಮೂರು ದಿನ ವಾಸ್ಕೊ ಬಂದರಿನ ಮೇಲಿರುವ ನಮ್ಮ ಸಡಾದ ಗುಡ್ಡವಿಳಿದು ಮಡಗಾಂವಿಗೆ ಹೋಗುವುದು, ಅಲ್ಲಿ ಯಂತ್ರಕ್ಕೆ ತೋಳೊಡ್ಡಿ ಮಲಗುವುದು, ಸಂಜೆಯ ಹೊತ್ತಿಗೆ ಮತ್ತೆ ಗುಡ್ಡವೇರುವುದು ಈಗ ನನ್ನ ನಿತ್ಯವಿಧಿಗಳಲ್ಲಿ ಒಂದಾಗಿದೆ. ಸಂಧ್ಯಾವಂದನೆ ತಪ್ಪಿದರೆ ಪ್ರಾಯಶ್ಚಿತ್ತವುಂಟು. ಡಯಾಲಿಸಿಸ್ ತಪ್ಪಿದರೆ ಅದೂ ಇಲ್ಲ. ಮೂತ್ರಪಿಂಡಗಳು ಕೆಲಸ ಬಿಟ್ಟುಕೊಟ್ಟ ಮೇಲೆ ದೇಹದ ಕಸವನ್ನು ಹೊರಗಿನವರು ಗುಡಿಸಿಕೊಡಬೇಕಾಗಿದೆ. ಭಗವಂತ ಎಷ್ಟು ದಿನ ಈ ವ್ಯವಸ್ಥೆಯನ್ನು ನಡೆಸಿಕೊಡುವನೋ ಅಷ್ಟು ದಿನ ನಡೆಯಲಿ ಎಂದು ಮಲಗಿ ಬರುತ್ತೇನೆ.

ಈ ಪ್ರಯಾಣಗಳಲ್ಲಿ ನನ್ನನ್ನು ಬಹುಕಾಲ ಕರೆದೊಯ್ದವರು ಒಬ್ಬ ವ್ಯಾನಿನ ಚಾಲಕರು. ಕಳೆದ ಮಳೆಗಾಲಕ್ಕೆ ಮುನ್ನ ಅವರು ತೀರಿಕೊಂಡರು. ಅವರನ್ನು ಕುರಿತು ನಾಲ್ಕು ಮಾತು ಬರೆದಿಡಬೇಕೆಂದು ಅಂದಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಬೆರಳುಗಳಲ್ಲಿ ಬಲವಿಲ್ಲದೆ ದಿನ ದೂಡಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ ಹುಟ್ಟಿನಿಂದ ಕಿವಿ ಕೇಳದವರು, ಮಾತು ಬಾರದವರು. ಗಂಡನನ್ನು ಕರೆಯಲು ಆಕೆಗಿದ್ದದ್ದು ಒಂದು ಸನ್ನೆ: ಎರಡೂ ಮುಷ್ಟಿಗಳನ್ನು ಎದೆಯ ಮುಂದೆ ಹಿಡಿದು, ಸ್ಟೇರಿಂಗ್ ತಿರುಗಿಸಿದಂತೆ ತುಸುವೇ ಅಲುಗಿಸುವುದು. ಅಷ್ಟು ವರ್ಷ ಸಂಸಾರ ಮಾಡಿದಾಕೆ ಒಮ್ಮೆಯೂ ಉಚ್ಚರಿಸದ ಹೆಸರನ್ನು ನಾನು ಅಚ್ಚಿಗೆ ಕೊಡುವುದು ಸರಿಯೆನಿಸದು.

ಅವರು ವಿಜಯಪುರದ ಕಡೆಯವರು. ಹದಿಹರೆಯದಲ್ಲಿ ಬಂದರಿನಲ್ಲಿ ಮೂಟೆ ಹೊರಲು ಬಂದು, ಲಾರಿಯ ಕ್ಲೀನರ್ ಆಗಿ, ಚಾಲಕರಾಗಿ, ಕಡೆಗೆ ಯಾರೋ ಬಿಟ್ಟುಕೊಟ್ಟ ಹಳೆಯ ವ್ಯಾನೊಂದನ್ನು ಸ್ವಂತಕ್ಕೆ ಮಾಡಿಕೊಂಡಿದ್ದರು. ಬೆಳಗ್ಗೆ ಶಾಲೆಯ ಮಕ್ಕಳನ್ನು ಇಳಿಸಿ ಬಂದ ಮೇಲೆ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು. ಎತ್ತರದ ಆಳು, ವ್ಯಾನಿನ ಛಾವಣಿಗೆ ತಲೆ ತಾಗದಂತೆ ಬಗ್ಗಿ ಬಗ್ಗಿ ಬೆನ್ನು ಹಾಗೆಯೇ ನಿಂತುಬಿಟ್ಟಿತ್ತು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ವಯಸ್ಸು ಅಷ್ಟಾಗಿರಲಿಲ್ಲ. ಸಿಗ್ನಲ್ಲಿನಲ್ಲಿ, ರೈಲ್ವೆ ಗೇಟಿನಲ್ಲಿ, ಎಲ್ಲಿ ಗಾಡಿ ನಿಂತರೂ ಹಣೆಯನ್ನು ಸ್ಟೇರಿಂಗಿಗೆ ಹಚ್ಚಿ ಕಣ್ಣು ಮುಚ್ಚುವುದು ಅವರ ರೂಢಿ. ನಿದ್ದೆಯಲ್ಲ. ಹಿಂದಿನ ಗಾಡಿಯ ಹಾರ್ನ್ ಮೊಳಗುವ ಮೊದಲೇ ಎದ್ದಿರುತ್ತಿದ್ದರು.

ಮೊದಲ ದಿನ ಬಂದಾಗ ಹಿಂದಿನ ಸೀಟಿಗೆ ಒಗೆದ ಚಾದರ ಹಾಸಿದ್ದರು.

"ಕುಂದರ್ರಿ ಆಚಾರ್ರ. ಈ ಚಾದರದ ಮ್ಯಾಲೆ ಬ್ಯಾರೆ ಯಾರೂ ಕುಂತಿಲ್ರಿ. ನಿಮ್ಮ ಮಡಿಗೆ ಏನೂ ತ್ರಾಸ ಇಲ್ಲ."

"ಸಾಹೇಬ್ರ, ದವಾಖಾನಿಗೆ ಹೋಗಾಂವಗ ಎಂಥಾ ಮಡಿರಿ," ಎಂದೆ. "ಅಲ್ಲಿ ನನ್ನ ರಕ್ತನ ಹೊರಗ ತಗದು ತೊಳೀತಾರ."

"ಹಂಗಾದ್ರ ನಿಮ್ಮಷ್ಟು ಮಡಿ ಯಾರಿಗೈತ್ರಿ," ಎಂದು ಅವರು ಗಾಡಿ ಬಿಟ್ಟರು. ಮುಖದಲ್ಲಿ ನಗೆಯಿರಲಿಲ್ಲ. ಅವರ ಹಾಸ್ಯ ಯಾವಾಗಲೂ ಹಾಗೆಯೇ, ದಣಿದ ಮುಖದ ಒಳಗಿನಿಂದ ಬರುತ್ತಿತ್ತು.

ಕೆಲವು ದಿನಗಳಾದ ಮೇಲೆ ಕಂಡೆ: ಮುಂದಿನ ಗಾಜಿನ ಕೆಳಗೆ, ರಬ್ಬರಿನ ಪಟ್ಟಿ ಬಿಗಿದ ಒಂದು ಫೋನು, ಅದರಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಸೂಜಿ ಏರುವುದು, ಇಳಿಯುವುದು. ಗಾಡಿ ನಡೆಸುವವರು ಹೀಗೆ ಚಿತ್ರ ನೋಡುವುದು ತರವಲ್ಲವೆಂದು ನಾನು ಅಸಮಾಧಾನದಿಂದಲೇ ಹೇಳಿದೆ.

"ನಾ ನೋಡಂಗಿಲ್ರಿ," ಎಂದರು. "ಆಕಿ ನನ್ನ ಮನಿಯಾಕಿ. ಆಕಿ ನನ್ನ ನೋಡ್ತಾಳ. ಗಾಡಿ ನಿಂತಾಗಷ್ಟ ನಾ ಆಕಿನ್ನ ನೋಡ್ತೇನಿ."

ಆಮೇಲೆ ಕಾರಣವನ್ನೂ ಹೇಳಿದರು. ಆಕೆಗೆ ಚಿಕ್ಕಂದಿನಿಂದ ಮೂರ್ಛೆರೋಗ. ಬರುವ ಮುನ್ನ ಕಣ್ಣ ಮುಂದೆ ಏನೋ ಮಿನುಗಿದಂತಾಗುತ್ತದಂತೆ, ಆಮೇಲೆ ಬೀಳುವುದೇ. ಕೂಗಿ ಕರೆಯಲು ಬಾಯಿಲ್ಲ. ಹೊರಗಿನಿಂದ ಯಾರಾದರೂ ಬಾಗಿಲು ಬಡಿದರೆ ತಿಳಿಯಲು ಕಿವಿಯಿಲ್ಲ. ಒಮ್ಮೆ ಮಧ್ಯಾಹ್ನಕ್ಕೇ ಇವರ ಫೋನಿನ ಚಾರ್ಜು ಮುಗಿದಿದೆ. ವೆರ್ಣಾದ ಕಡೆ ಬಾಡಿಗೆಗೆ ಹೋಗಿದ್ದವರು ಸಂಜೆ ಇಲ್ಲೇ ಸಡಾದ ತಮ್ಮ ಮನೆಗೆ ಬಂದು ನೋಡಿದರೆ ಆಕೆ ಒಲೆಯ ಪಕ್ಕದಲ್ಲಿ ಬಿದ್ದಿದ್ದಾರೆ, ಎಡಗೈ ಮೊಣಕೈಯವರೆಗೆ ಬೆಂದಿದೆ. ಅಂದಿನಿಂದ ಅವರಿಗಿದ್ದದ್ದು ಒಂದೇ ಹಟ: ಫೋನು ಆರಬಾರದು. ಮನೆಯಲ್ಲಿ ಆಕೆಯ ಫೋನು ಗೋಡೆಯ ಪ್ಲಗ್ಗಿಗೆ, ಗಾಡಿಯಲ್ಲಿ ಇವರ ಫೋನು ಇವರ ಎದುರಿಗೆ, ಎರಡರ ನಡುವಿನ ಕರೆ ಹಗಲೆಲ್ಲ ತೆರೆದೇ ಇರಬೇಕು. ಆಕೆಯ ಬಳಿ ಸದಾ ಒಂದು ಸ್ಟೀಲಿನ ತಾಟು, ಒಂದು ಚಮಚೆ. ಮಿನುಗು ಕಂಡರೆ ತಾಟು ಬಡಿಯಬೇಕು. ತಾನು ಬಡಿಯುವ ಸದ್ದು ಆಕೆಗೆ ಕೇಳಿಸದು, ಆದರೆ ಗಂಡನಿಗೆ ಕೇಳಿಸುತ್ತದೆ. ಅವರು ನೆರೆಮನೆಗೆ ಫೋನು ಮಾಡುತ್ತಾರೆ. ಹೀಗೆ ಇಬ್ಬರೂ ಕೂಡಿ ಕಂಡುಕೊಂಡ ಏರ್ಪಾಡು ಅದು.

ಆದರೆ ಆ ಹಳೆಯ ಫೋನಿಗೆ ಹಗಲೆಲ್ಲ ಚಿತ್ರ ತೋರಿಸುವ ತ್ರಾಣವಿರಲಿಲ್ಲ. ವ್ಯಾನಿನಲ್ಲಿ ಚಾರ್ಜರು ಸಿಕ್ಕಿಸಲು ಸಿಗರೇಟು ಹಚ್ಚುವ ತೂತು ಕೂಡ ಇರಲಿಲ್ಲ. ವಾಸ್ಕೊದ ಫುಟ್‌ಪಾತಿನಲ್ಲಿ ಸಿಗುವ ಅಗ್ಗದ ಚಾರ್ಜರುಗಳನ್ನು ವೈರು ಕತ್ತರಿಸಿ ಜೋಡಿಸಿ ನೋಡಿದರು. ನಮ್ಮ ಗುಡ್ಡದ ರಸ್ತೆಯ ಕುಲುಕಾಟಕ್ಕೆ ಒಂದೊಂದೂ ಬೇಗನೆ ಪ್ರಾಣಬಿಟ್ಟಿತು. ಆಗ ತಾವೇ ಒಂದನ್ನು ಮಾಡುತ್ತೇನೆಂದು ಹೊರಟರು. ಆ ವಿದ್ಯೆಯೇನೂ ಅವರಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಯಾರೋ ಮಾಡಿ ತೋರಿಸಿದ್ದನ್ನು ನೋಡಿ, ಮುಚ್ಚುವ ಹಂತದಲ್ಲಿದ್ದ ಒಂದು ರೇಡಿಯೊ ರಿಪೇರಿ ಅಂಗಡಿಯಿಂದ ಮೂರು ಕಾಲಿನ ಚಿಕ್ಕ ರೆಗ್ಯುಲೇಟರ್, ಒಂದು ಫ್ಯೂಜು, ಇನ್ನೇನೋ ಬಿಡಿಭಾಗಗಳನ್ನು ಕಾಗದದ ಪೊಟ್ಟಣದಲ್ಲಿ ತಂದಿದ್ದರು. ನಾನು ಒಳಗೆ ಯಂತ್ರಕ್ಕೆ ಕಟ್ಟಿಸಿಕೊಂಡು ಮಲಗಿರುವಾಗ, ಆಸ್ಪತ್ರೆಯ ಎದುರಿನ ಚಹಾದ ಗಾಡಿಯ ಪ್ಲಗ್ಗಿಗೆ ಬೆಸುಗೆಯ ಕಡ್ಡಿ ಸಿಕ್ಕಿಸಿ, ಅದೇ ಹೆಂಗಸು ಫೋನಿನಿಂದ ನೋಡುತ್ತಿರುವಾಗಲೇ ಬೆಸೆಯುತ್ತಿದ್ದರಂತೆ.

ಮೊದಲನೆಯದು ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿಯಲ್ಲಿತ್ತು. ದಾಬೋಳಿ ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು.

"ಏನ್ರಿ ಸಾಹೇಬ್ರ, ಹೋಮ ನಡದದೇನು?"

"ಸೋಪಿನ ಡಬ್ಬಿ ಕರಗಾಕತ್ತೈತ್ರಿ," ಎಂದು ಅವರು ವ್ಯಾನನ್ನು ಬದಿಗೆ ನಿಲ್ಲಿಸಿದರು. ವೈರು ಕಿತ್ತು, ಬಾಗಿದ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಬ್ಯಾಟರಿ ಕೊಡೂದು ಹನ್ನೆರಡು ವೋಲ್ಟ್, ಫೋನ್ ಕುಡಿಯೂದು ಐದ. ಉಳದದ್ದು ಎಲ್ಲಿಗೆ ಹೋಗಬೇಕ್ರಿ? ಬಿಸಿ ಆಗಿ ಹೋಗ್ತೈತಿ. ತಗಡಿನ ಡಬ್ಬಿ ಬೇಕಿತ್ತು. ಅಲ್ಯುಮಿನಿಯಂ ಇದ್ರ ಭಾಳ ಚಲೋ."

ಮುಂದಿನ ಸಲ ಹೋಗುವಾಗ ನಾನು ನನ್ನ ಅಕ್ಷತೆಯ ಡಬ್ಬಿಯನ್ನು ಒಯ್ದೆ. ಅಲ್ಯುಮಿನಿಯಮ್ಮಿನದು, ಮುಚ್ಚಳ ಭದ್ರವಾಗಿ ಕೂರುವಂಥದು. ಮದುವೆ ಮುಂಜಿಗಳಿಗೆ ಕರೆದರೆ ಹೋಗುತ್ತಿದ್ದ ಕಾಲದಿಂದ ನನ್ನ ಚೀಲದಲ್ಲಿತ್ತು. ಈಗ ನನ್ನನ್ನು ಯಾರೂ ಕರೆಯುವಂತಿಲ್ಲ. ಕರೆದರೂ ಕೂರುವ ಶಕ್ತಿ ನನಗಿಲ್ಲ. ಅವರು ಮುಚ್ಚಳ ತೆಗೆದು, ಮೂಲೆಯಲ್ಲಿ ಅಂಟಿದ್ದ ಕುಂಕುಮವನ್ನು ಕಂಡು ಕೈ ಹಿಂದಕ್ಕೆಳೆದುಕೊಂಡರು.

"ಇದು ಪೂಜಾದ್ದು ಅಲ್ಲೇನ್ರಿ? ಬ್ಯಾಡ್ರಿ ಆಚಾರ್ರ. ತೂತ ಹಾಕಬೇಕ್ರಿ ಇದಕ್ಕ."

"ಹಾಕ್ರಿ. ಅಕ್ಷತಿ ಅಂದ್ರ ಏನು, ಚಲೋ ಆಗ್ಲಿ ಅಂತ ತಲಿ ಮ್ಯಾಲೆ ಹಾಕೋದು. ನಿಮ್ಮಾಕಿ ತಲಿ ಮ್ಯಾಲೆ ಅದ ಅಂತ ತಿಳೀರಿ."

ತೂತು ಕೊರೆಯುವ ಮೊದಲು ಅವರು ಕುಂಕುಮವಿದ್ದ ಮೂಲೆಯನ್ನು ಬಿಟ್ಟು ಮಿಕ್ಕೆಲ್ಲ ಕಡೆ ಒರೆಸಿದರು. ಆ ಕೆಂಪು ಇಂದಿಗೂ ಹಾಗೆಯೇ ಇದೆ.

ಡಬ್ಬಿ ಕೆಲಸ ಮಾಡಿತು. ಮುಚ್ಚಳದ ಮೇಲೆ ಸಾಸಿವೆಯಷ್ಟು ಕೆಂಪು ದೀಪ, ಬದಿಯಲ್ಲಿ ಫೋನಿನ ವೈರು ಸಿಕ್ಕಿಸುವ ಬಾಯಿ. ಕೆಲವೇ ನಿಮಿಷಗಳಲ್ಲಿ ಬಿಸಿಯಾಗುತ್ತಿತ್ತು. ಯಂತ್ರದಿಂದ ಬಿಡಿಸಿಕೊಂಡು ಬಂದಾಗ ನನ್ನ ಕೈಕಾಲುಗಳು ತಣ್ಣಗಾಗಿರುತ್ತವೆ. ನಾನು ಮುಂದಕ್ಕೆ ಬಾಗಿ ಆ ಡಬ್ಬಿಯ ಮೇಲೆ ಬೆರಳಿಟ್ಟು ಕಾಯಿಸಿಕೊಳ್ಳುತ್ತಿದ್ದೆ. ಹಾಗೆ ಬಾಗಿದಾಗ ಫೋನಿನಲ್ಲಿ ನನ್ನ ಮುಖ ದೊಡ್ಡದಾಗಿ ಕಂಡು ಆಕೆ ನಗುತ್ತಿದ್ದರು.

ಒಂದು ತಪ್ಪನ್ನು ಮಾತ್ರ ಅವರು ತಿಳಿದೇ ಮಾಡಿದ್ದರು. ಇಂಥದನ್ನು ಗಾಡಿಯ ಕೀಲಿಯ ಮೂಲಕ ಜೋಡಿಸಬೇಕು. ಕೀಲಿ ತೆಗೆದರೆ ಇದೂ ಆರಬೇಕು. ಅವರು ನೇರವಾಗಿ ಬ್ಯಾಟರಿಗೇ ಕಟ್ಟಿದ್ದರು. ನಾನು ಒಳಗೆ ಮಲಗಿರುವಷ್ಟು ಹೊತ್ತೂ ನಿಂತ ಗಾಡಿಯಲ್ಲಿ ಕರೆ ತೆರೆದೇ ಇರಬೇಕಲ್ಲ! ಬ್ಯಾಟರಿಯೋ ವ್ಯಾನಿನಷ್ಟೇ ಮುದಿ. ನಾನು ಹೊರಗೆ ಬರುವ ವೇಳೆಗೆ ಅದರಲ್ಲಿ ಗಾಡಿಯನ್ನು ಎಬ್ಬಿಸುವಷ್ಟು ಜೀವ ಉಳಿದಿರುತ್ತಿರಲಿಲ್ಲ. ಮೊದಮೊದಲು ಚಹಾದವನೂ ದಾರಿಹೋಕರೂ ಕೂಡಿ ತಳ್ಳುತ್ತಿದ್ದರು. ಸಡಾದಲ್ಲಿ ಬೆಳಗ್ಗೆ ನಾನು ಶಾಲೆಯಲ್ಲಿ ಕಲಿಸಿದ ಹಳೆಯ ವಿದ್ಯಾರ್ಥಿಗಳು, ಈಗ ಬಂದರಿನಲ್ಲಿ ಕೆಲಸ ಮಾಡುವವರು, ಡ್ಯೂಟಿಗೆ ಹೋಗುವ ಬಟ್ಟೆಯಲ್ಲೇ ತಳ್ಳಿ ಕಳುಹಿಸುತ್ತಿದ್ದರು.

ನನ್ನ ಹೆಂಡತಿ, ನಮ್ಮ ಮನೆಯವರು, ಮೊಣಕಾಲು ನೋವಿನಿಂದ ಹೊಸ್ತಿಲು ದಾಟಲಾರರು. ಬಾಗಿಲಲ್ಲೇ ನಿಂತು ಇದನ್ನು ನೋಡುತ್ತಿದ್ದರು. "ಪೇಷಂಟನ್ನ ಒಯ್ಯೂ ಗಾಡೀನ ಪೇಷಂಟ್ ಅದ," ಎನ್ನುತ್ತಿದ್ದರು. ಇನ್ನೊಮ್ಮೆ, ಕೇಳಲೆಂದೇ ದನಿಯೇರಿಸಿ, "ಸಾಹೇಬ್ರ, ನಮ್ಮವರನ್ನ ಇಳಿಸಿ ತಳ್ಳಿಸಬ್ಯಾಡ್ರಿ ಮತ್ತ. ಇವರನ್ನ ಚಾಲೂ ಇಡೋದ ದೊಡ್ಡ ಕೆಲಸ ಆಗ್ಯದ," ಎಂದಿದ್ದರು.

ಆಮೇಲೆ ಅವರು ಗಾಡಿ ನಿಲ್ಲಿಸುವ ರೀತಿಯನ್ನೇ ಬದಲಿಸಿಕೊಂಡರು. ಎಲ್ಲಿ ನಿಲ್ಲಿಸಿದರೂ ವ್ಯಾನಿನ ಮುಖ ಇಳಿಜಾರಿಗೆ ಇರಬೇಕು. ಚಕ್ರದ ಕೆಳಗಿನ ಕಲ್ಲು ತೆಗೆದರೆ ಗಾಡಿ ತಾನೇ ಉರುಳಿ, ಗೇರು ಬಿದ್ದು, ಎಂಜಿನ್ ಎದ್ದುಕೊಳ್ಳುತ್ತಿತ್ತು. ಸಡಾದಲ್ಲಿ ಇಳಿಜಾರಿಗೆ ಬರವಿಲ್ಲ. ಮಡಗಾಂವಿನಲ್ಲಿ ಆಸ್ಪತ್ರೆಯ ಅಂಗಳ ಮಾತ್ರ ಹಲಗೆಯಂತೆ ಸಮ. ಗೇಟಿನ ಹೊರಗೆ ರಸ್ತೆ ಇಳಿಯುವ ಕಡೆ ಅವರು ನಿಲ್ಲಿಸಬೇಕು, ಅಲ್ಲಿ ನಿಲ್ಲಿಸಬಾರದೆಂದು ಕಾವಲುಗಾರ ತಡೆಯಬೇಕು. ಆತ ಅಲ್ಲಿಯವನೇ, ವಯಸ್ಸಾದವನು, ಟೊಪ್ಪಿಗೆಯನ್ನು ಬಹಳ ಶಿಸ್ತಿನಿಂದ ಧರಿಸುತ್ತಿದ್ದ.

"ಪಾತ್ರಾಂವ್, ಗಾಡಿ ಅಂದರ್ ಲಗಾವ್," ಎಂದು ಆತ ಯಜಮಾನರನ್ನು ಕರೆಯುವಂತೆ ಕರೆದು ಗದರುತ್ತಿದ್ದ.

ಇವರು ಕಿಟಕಿಯಿಂದ ಕೈ ಹೊರಗೆ ಹಾಕಿ, ನನಗೆ ಕೇಳುವಂತೆ ಕನ್ನಡದಲ್ಲೇ ಹೇಳುತ್ತಿದ್ದರು: "ಗಾಡಿ ಮುಖಾ ಇಳಕಲಕ್ಕ ಇರಬೇಕ್ರಿ. ಉಳದದ್ದು ಅಲ್ಲಾ ನೋಡ್ಕೋತಾನ."

ಹೀಗೆ ಪ್ರತಿಸಲವೂ ನಡೆಯುತ್ತಿತ್ತು. ಕಡೆಗೆ ಕಾವಲುಗಾರನೇ ಒಂದು ಒಳ್ಳೆಯ ಕಲ್ಲನ್ನು ಗೇಟಿನ ಬಳಿ ಎತ್ತಿಟ್ಟುಕೊಂಡು, ಗದರುತ್ತಲೇ ತಂದು ಚಕ್ರಕ್ಕೆ ಒಡ್ಡತೊಡಗಿದ.

ದಾರಿಯುದ್ದಕ್ಕೂ ನನ್ನ ನಿತ್ಯಪಾರಾಯಣ ನಡೆಯುತ್ತಿತ್ತು. ನಾನು ಕಲಿತ ಪಾಠಶಾಲೆಯಲ್ಲಿ ಸ್ವರ ತಪ್ಪಿದರೆ ಗುರುಗಳು ಊಟಕ್ಕೆ ಏಳಗೊಡುತ್ತಿರಲಿಲ್ಲ. ಶಬ್ದವೇ ದೇವರ ಮೈಯೆಂದು ನಂಬಿ ಬೆಳೆದವನು ನಾನು. ನನ್ನ ದನಿಯ ಮೇಲೆ ನನಗೆ ಪ್ರೀತಿಯೂ ಇತ್ತು. ಒಂದು ದಿನ ಫೋನಿನಲ್ಲಿ ಆ ಹೆಂಗಸು ಸೂಜಿ ನಿಲ್ಲಿಸಿ ನನ್ನನ್ನೇ ನೋಡುತ್ತಿರುವುದನ್ನು ಕಂಡೆ. ಸಿಗ್ನಲ್ಲಿನಲ್ಲಿ ಗಂಡನಿಗೆ ಏನೋ ಸನ್ನೆ ಮಾಡಿದರು: ಐದು ಬೆರಳುಗಳನ್ನು ತುಟಿಯ ಮುಂದೆ ಹಿಡಿದು, ಹಕ್ಕಿಯ ರೆಕ್ಕೆಯಂತೆ ಬಡಬಡ ಆಡಿಸುವುದು.

"ಏನಂತಾರ್ರಿ?"

"ನಿಮಗ ಹೆಸರ ಇಟ್ಟಾಳ್ರಿ," ಎಂದರು. "ತುಟಿ ಆಡಿಸಾವ್ರು. ಅಷ್ಟೊತ್ತಿನ ತನ ಯಾರ ಕೂಡ ಮಾತಾಡ್ತಾರ ಅಂತ ಕೇಳಾಕತ್ತಾಳ."

"ದೇವರ ಕೂಡ ಅಂತ ಹೇಳ್ರಿ."

ಅವರು ಒಂದು ಕೈಯಿಂದ ಮೇಲಕ್ಕೆ ತೋರಿಸಿದರು. ಆಕೆ ಯೋಚಿಸಿ ಮತ್ತೇನೋ ಕೇಳಿದರು. ಅವರು ಮೂಗಿನಲ್ಲೇ ನಕ್ಕರು.

"ಆತ ತಿರುಗಿ ಏನರ ಅಂತಾನೇನು ಅಂತ ಕೇಳ್ತಾಳ್ರಿ."

ಅಷ್ಟರಲ್ಲಿ ದೀಪ ಹಸಿರಾಯಿತು.

ಆಕೆ ಹೊಲಿಯುತ್ತಿದ್ದ ಕೌದಿಗೆ ನಮ್ಮ ಮನೆಯವರು ತಮ್ಮ ಹಳೆಯ ಸೀರೆಗಳನ್ನು ಕೊಟ್ಟು ಕಳುಹಿಸಿದ್ದರು. ಬಂದರಿನ ಕಲ್ಲಿದ್ದಲಿನ ಧೂಳು ಕೂರದಂತೆ ಆಕೆ ಹೊಲಿದ ಭಾಗವನ್ನು ಹಳೆಯ ಪತ್ರಿಕೆಯಿಂದ ಮುಚ್ಚಿಕೊಂಡು, ಹೊಲಿಯುವಷ್ಟನ್ನೇ ತೆರೆದುಕೊಳ್ಳುತ್ತಿದ್ದರು. ನನ್ನ ಹೆಂಡತಿಯ ಸೆರಗುಗಳು ತುಂಡುತುಂಡಾಗಿ, ಮತ್ತೆ ಒಂದಾಗಿ, ಮಡಗಾಂವಿನ ದಾರಿಯಲ್ಲಿ ನನ್ನ ಕಣ್ಣೆದುರೇ ಬೆಳೆದವು. ಯಂತ್ರದ ಮುಂದೆ ಮಲಗಿದಾಗ ಈಗಲೂ ನನ್ನ ಕಾಲುಗಳ ಮೇಲೆ ಇರುವುದು ಅದೇ ಕೌದಿ.

ಅವರು ಸಾಧುಪುರುಷರೆಂದು ನಾನು ಬರೆಯುತ್ತಿಲ್ಲ. ಸಿಡುಕು ಇತ್ತು. ಒಮ್ಮೆ ವೆರ್ಣಾದ ಏರಿನಲ್ಲಿ ಇಬ್ಬರಿಗೂ ಜಗಳವಾಯಿತು. ಮಾತಿಲ್ಲದವರ ಜಗಳವನ್ನು ನಾನು ಅದೇ ಮೊದಲು ನೋಡಿದ್ದು. ಆಕೆಯ ಕೈಗಳು ಚಿತ್ರದಿಂದ ಹೊರಗೆ ಹೋಗುವಷ್ಟು ವೇಗವಾಗಿ ಆಡುತ್ತಿದ್ದವು. ಇವರು ವ್ಯಾನನ್ನು ಬದಿಗೆ ಹಾಕಿ, ಉತ್ತರ ಕೊಟ್ಟು ಕೊಟ್ಟು ಸಾಕಾಗಿ, ಕಡೆಗೆ ಫೋನನ್ನು ಕವುಚಿ ಹಾಕಿದರು. ಅದಕ್ಕಿಂತ ದೊಡ್ಡ ಬೈಗುಳ ಅವರ ಭಾಷೆಯಲ್ಲಿ ಇರಲಾರದು. ಕವುಚಿದ ಫೋನಿನೊಳಗಿನಿಂದ ತಾಟಿನ ಸದ್ದು ಬಂತು. ಗಾಡಿ ಬಿಟ್ಟು ಮುಂದಿನ ತಿರುವಿನವರೆಗೂ ಹಾಗೆಯೇ ನಡೆಸಿದರು. ಆಮೇಲೆ ನಿಲ್ಲಿಸಿ, ಫೋನನ್ನು ನೆಟ್ಟಗೆ ಮಾಡಿ, ಅದರ ಗಾಜನ್ನು ಅಂಗಿಯ ತೋಳಿನಿಂದ ಒರೆಸಿದರು.

"ಮೂರ್ಛೆ ಏನರ ಬಂತೇನ್ರಿ?" ಎಂದು ನಾನು ಗಾಬರಿಯಿಂದ ಕೇಳಿದೆ.

"ಇಲ್ರಿ. ಬೈಯಾಕತ್ತಾಳ."

ಆ ದಿನ ಮರಳುವಾಗ ಅವರು ಹೇಳಿದ ಮಾತು ನನಗೆ ನೆನಪಿದೆ. ಗಾಡಿ ನಿಂತಿತ್ತು, ಹಣೆ ಸ್ಟೇರಿಂಗಿನ ಮೇಲಿತ್ತು, ಮಾತು ಅಲ್ಲಿಂದಲೇ ಬಂತು.

"ದಣಿವಾಗೈತ್ರಿ ಆಚಾರ್ರ. ಮಲಗಿದ್ರ ಹೋಗೂ ದಣಿವಲ್ಲ ಇದು. ಆಕಿ ಕೈ ಸುಟ್ಕೊಂಡಾಗಿನಿಂದ ನನ್ನ ಒಂದು ಕಣ್ಣು ತಗದ ಇರ್ತೈತಿ ನೋಡ್ರಿ."

"ವಾರಕ್ಕ ಮೂರು ಸಲ ದವಾಖಾನಿಗೆ ಬಂದ ಬರ್ತೀರಿ. ಒಮ್ಮೆ ನೀವೂ ಒಳಗ ಬಂದು ತೋರಿಸ್ಕೊಳ್ರಿ."

"ತೋರಿಸಿದ್ರ ಏನರ ಹೇಳ್ತಾರ್ರಿ ಅವರು. ಹೇಳಿದ ಮ್ಯಾಲೆ ಆಕಿಗೆ ಹೇಳಬೇಕಾಕ್ಕೈತಿ. ಅಂಥಾದ್ದಕ್ಕ ನನ್ನ ಹತ್ರ ಸನ್ನಿ ಇಲ್ಲ." ತಲೆಯೆತ್ತಿದರು. "ಮದಲ ನಾ ಹೋದ್ರ ಆಕಿನ್ನ ಯಾರ ನೋಡಾವ್ರು ಹೇಳ್ರಿ? ಅದಕ್ಕ ನಾ ಹೋಗಂಗಿಲ್ಲ."

ಅದನ್ನು ಅವರು ಶಪಥದಂತೆ ಹೇಳಲಿಲ್ಲ. ಯಾವುದೋ ಬಾಡಿಗೆ ಒಲ್ಲೆನೆಂದಷ್ಟು ಸಹಜವಾಗಿ ಹೇಳಿದರು. ಆಮೇಲೆ ಗಾಡಿ ಬಿಟ್ಟರು.

ಅವರ ಕಡೆಯ ದಿನ ಮಳೆ ಇನ್ನೂ ಬಂದಿರಲಿಲ್ಲ, ಸೆಕೆ ತಡೆಯಲಾಗುತ್ತಿರಲಿಲ್ಲ. ಎಂದಿನಂತೆ ನನ್ನನ್ನು ಕೈಹಿಡಿದು ಒಳಗೆ ಬಿಟ್ಟು, ಕೌದಿ ಹೊದಿಸಿ, ಹೊರಗೆ ಹೋದರು. ನರ್ಸುಗಳು ನನ್ನ ತೋಳಿಗೆ ಸೂಜಿಗಳನ್ನು ಹಾಕಿ ಯಂತ್ರ ಹಚ್ಚಿದರು. ಡಯಾಲಿಸಿಸ್ ಅರ್ಧ ಮುಗಿದಿರಬೇಕು, ಕಾವಲುಗಾರ ವಾರ್ಡಿನ ಬಾಗಿಲಿಗೆ ಬಂದು ನಿಂತ. ಆತ ಎಂದೂ ಒಳಗೆ ಬಂದವನಲ್ಲ. ಟೊಪ್ಪಿಗೆ ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು. ಅದನ್ನು ನೋಡಿಯೇ ನನಗೆ ಅರ್ಧ ತಿಳಿಯಿತು.

ಆತ ಕೊಂಕಣಿ ಹಿಂದಿ ಬೆರೆಸಿ ಹೇಳಿದ್ದು ಇಷ್ಟು. ಗೇಟಿನ ಬಳಿ ನಿಂತಿದ್ದಾಗ ವ್ಯಾನಿನಿಂದ ತಾಟು ಬಡಿಯುವ ಸದ್ದು ಬರತೊಡಗಿತಂತೆ. ಆ ಸದ್ದು ಆತನಿಗೆ ಹೊಸದಲ್ಲ. ಎಂದಾದರೂ ಬಂದರೆ ಚಾಲಕರು ಕೂಡಲೇ ಏಳುತ್ತಾರೆ, ಕೈ ಆಡಿಸುತ್ತಾರೆ, ಸದ್ದು ನಿಲ್ಲುತ್ತದೆ. ಇಂದು ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ಚಾಲಕರು ಸ್ಟೇರಿಂಗಿಗೆ ಹಣೆ ಹಚ್ಚಿ ಮಲಗಿದ್ದಾರೆ. ಕರೆದ. ಭುಜ ಹಿಡಿದು ಅಲುಗಿಸಿದ. ಡಾಕ್ಟರರು ಓಡಿಬಂದರು, ಅವರು ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಅಷ್ಟು ಹೊತ್ತೂ ಫೋನಿನಲ್ಲಿ ಆ ಹೆಂಗಸು ತಾಟು ಬಡಿಯುತ್ತಲೇ ಇದ್ದರು. ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಆತನಿಗೆ ತೋಚಲಿಲ್ಲ. ಫೋನಿನ ಎದುರು ನಿಂತು ಟೊಪ್ಪಿಗೆಯನ್ನು ತೆಗೆದನಂತೆ. ಆಗ ಸದ್ದು ನಿಂತಿತು.

ಆಕೆ ಎಷ್ಟು ಹೊತ್ತಿನಿಂದ ಅದನ್ನು ಎಂದಿನ ವಿಶ್ರಾಂತಿಯೆಂದು ತಿಳಿದು ಹೊಲಿಯುತ್ತ ಕುಳಿತಿದ್ದರೋ, ಯಾವ ಕ್ಷಣದಲ್ಲಿ ಅಲ್ಲವೆಂದು ತಿಳಿಯಿತೋ, ನಾನು ಕೇಳಿಲ್ಲ. ಕೇಳುವ ಸನ್ನೆ ನನಗೆ ಬಾರದು, ಬಂದರೂ ಕೇಳುತ್ತಿರಲಿಲ್ಲ.

ಯಂತ್ರ ನನ್ನ ರಕ್ತವನ್ನು ಪೂರ್ತಿ ಹಿಂತಿರುಗಿಸುವ ತನಕ ನಾನು ಏಳುವಂತಿರಲಿಲ್ಲ. ಗೋಡೆಯ ಆಚೆ ಅವರು, ಈಚೆ ನಾನು, ಹಾಗೆಯೇ ಮಲಗಿದ್ದೆವು. ನಾನು ಹೊರಗೆ ಬಂದಾಗ ವ್ಯಾನು ಇಳಿಜಾರಿಗೆ ಮುಖ ಮಾಡಿ ನಿಂತಿತ್ತು, ಚಕ್ರಕ್ಕೆ ಕಲ್ಲು ಒಡ್ಡಿತ್ತು, ಅಕ್ಷತೆಯ ಡಬ್ಬಿಯ ಮೇಲೆ ಕೆಂಪು ದೀಪ ಉರಿಯುತ್ತಲೇ ಇತ್ತು.

ಅವರನ್ನು ವಾಸ್ಕೊದ ಖಬರಸ್ತಾನದಲ್ಲಿ ಮಣ್ಣು ಮಾಡಿದರು. ತಳ್ಳಿ ತಳ್ಳಿ ಅವರ ವ್ಯಾನನ್ನು ಎಬ್ಬಿಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳೂ ಹೆಗಲು ಕೊಟ್ಟರು. ಆಕೆ ತಮ್ಮವರ ನಿಯಮದಂತೆ, ವಿಧವೆಯರು ಪಾಲಿಸುವ ಇದ್ದತ್ತಿನ ದಿನಗಳನ್ನು ಮನೆಯೊಳಗೇ ಕಳೆದರು. ಆ ಕಾಲದಲ್ಲಿ ಊರಿನಿಂದ ಬಂದ ತಂಗಿ ಜೊತೆಗಿದ್ದಳು. ತಂಗಿ ಊರಿಗೆ ಕರೆದಳು, ಆಕೆ ಒಪ್ಪಲಿಲ್ಲ. ವ್ಯಾನು ಗುಜರಿಗೆ ಹೋಯಿತು. ತಂಗಿಯೂ ತನ್ನ ಸಂಸಾರಕ್ಕೆ ಮರಳಿದಳು. ನೆರೆಯವರು ಬಂದು ಹೋಗುತ್ತಿದ್ದರು. ಆದರೆ ಎಲ್ಲರೂ ದುಡಿಯುವ ಜನ, ಹಗಲೆಲ್ಲ ಯಾರೂ ಆಕೆಯನ್ನೇ ನೋಡುತ್ತ ಕೂರಲಾರರು. ಚಾಲಕರ ಪ್ರಶ್ನೆ ಹಾಗೆಯೇ ಉಳಿದಿತ್ತು: ಆಕೆಯನ್ನು ಯಾರು ನೋಡುವವರು?

ಒಂದು ಬೆಳಗ್ಗೆ ಆಕೆಯೇ ನಮ್ಮ ಮನೆಯ ಬಾಗಿಲಿಗೆ ಬಂದರು. ಬಟ್ಟೆಯಲ್ಲಿ ಸುತ್ತಿದ್ದ ಎರಡು ವಸ್ತುಗಳನ್ನು ನನ್ನ ಮುಂದಿಟ್ಟರು: ಗಂಡನ ಫೋನು, ಅಕ್ಷತೆಯ ಡಬ್ಬಿ. ತಮ್ಮ ಕಣ್ಣನ್ನು ಮುಟ್ಟಿಕೊಂಡು ನನ್ನತ್ತ ಬೆರಳು ತೋರಿಸಿದರು. ಆಮೇಲೆ ನನ್ನ ಕಣ್ಣಿನತ್ತ ತೋರಿಸಿ ತಮ್ಮ ಎದೆ ಮುಟ್ಟಿಕೊಂಡರು. ಬೆರಳುಗಳನ್ನು ತುಟಿಯ ಮುಂದೆ ಆಡಿಸಿದರು.

"ಏನಂತಾಳ್ರಿ?" ಎಂದು ನಮ್ಮ ಮನೆಯವರು ಒಳಗಿನಿಂದ ಕೇಳಿದರು.

"ನಾ ಆಕಿನ್ನ ನೋಡಬೇಕಂತ. ಆಕಿ ನನ್ನ ನೋಡ್ತಾಳಂತ."

"ಮತ್ತೇನು ವಿಚಾರ ಮಾಡ್ತೀರಿ," ಎಂದರು ನಮ್ಮ ಮನೆಯವರು. "ಮಲಗಿರೋದ ಬಿಟ್ರ ನಿಮಗ ಬ್ಯಾರೆ ಏನು ಕೆಲಸ ಅದ."

ಈಗ ನನ್ನನ್ನು ಕರೆದೊಯ್ಯುವವನು ಗದಗಿನ ಕಡೆಯವನು, ಮಾತುಗಾರ, ಅವನ ಕಾರೂ ಹಳೆಯದೇ. ಡಬ್ಬಿಯನ್ನು ಕೈಗೆ ಕೊಟ್ಟಾಗ ತಿರುಗಿಸಿ ಮುರುಗಿಸಿ ನೋಡಿದ.

"ಏನ್ರಿ ಗುರುಗಳ, ಇದು ಬಾಂಬ್ ಇದ್ಹಂಗ ಐತಲ್ರಿ. ಪೇಟ್ಯಾಗ ಚಲೋ ಚಾರ್ಜರ್ ಸಿಗತಾವ."

"ಇರಲಿ. ಇದನ್ನ ಹಾಕಪಾ."

ಆತ ವಿಧಿಯಂತೆ ಕೀಲಿಯ ಮೂಲಕವೇ ಜೋಡಿಸಿದ. ಆಸ್ಪತ್ರೆಯ ಮುಂದೆ ಕೀಲಿ ತೆಗೆದ ಕೂಡಲೇ ಕೆಂಪು ದೀಪ ಆರಿತು. ಕರೆ ಇನ್ನೂ ಇತ್ತು. ಫೋನಿನಲ್ಲಿ ಸ್ವಲ್ಪ ಚಾರ್ಜೂ ಇತ್ತು. ಆದರೆ ಆ ದೀಪ ಆರಿದ್ದನ್ನು ನನ್ನಿಂದ ನೋಡಲಾಗಲಿಲ್ಲ. ನೇರವಾಗಿ ಬ್ಯಾಟರಿಗೆ ಕಟ್ಟು ಎಂದೆ. ಬ್ಯಾಟರಿ ಇಳಿಯುತ್ತದೆ, ಗಾಡಿ ತಳ್ಳುವವರು ಯಾರು ಎಂದು ಆತ ಗೊಣಗಿದ. ಕಾವಲುಗಾರ ಎಲ್ಲವನ್ನೂ ನೋಡುತ್ತ ನಿಂತಿದ್ದ. ಗೇಟಿನ ಹೊರಗೆ ನಡೆದು, ರಸ್ತೆ ಇಳಿಯುವ ಜಾಗದಲ್ಲಿ ಕಲ್ಲನ್ನು ತಂದಿಟ್ಟು, ಅಲ್ಲಿಗೆ ಬಾ ಎಂದು ಗಾಡಿಗೆ ಕೈ ಮಾಡಿದ.

ಯಂತ್ರದ ಪಕ್ಕದಲ್ಲಿ ಮಲಗಿರುವಾಗ ಫೋನು ನನ್ನ ಬಳಿಯೇ ಇರುತ್ತದೆ. ಅಲ್ಲಿ ಗೋಡೆಗೆ ಪ್ಲಗ್ಗುಂಟು; ಗಾಡಿಯಲ್ಲಿ ಡಬ್ಬಿಯ ದೀಪ ಸುಮ್ಮನೆ ಉರಿಯುತ್ತಿರುತ್ತದೆ. ಆಕೆ ಹೊಲಿಯುತ್ತಾರೆ, ನಾನು ನೋಡುತ್ತೇನೆ. ಎರಡು ಸಲ ತಾಟು ಬಡಿದದ್ದುಂಟು; ಎರಡು ಸಲವೂ ನಮ್ಮ ಮನೆಯವರಿಗೆ ಫೋನು ಮಾಡಿ ಜನರನ್ನು ಓಡಿಸಿದ್ದೇನೆ. ಆಕೆ ಕ್ಷೇಮವಾಗಿದ್ದಾರೆ. ಕಷ್ಟವಿರುವುದು ಹಿಂದಿರುಗುವ ದಾರಿಯಲ್ಲಿ. ಆಗ ನನ್ನಲ್ಲಿ ಏನೂ ಉಳಿದಿರುವುದಿಲ್ಲ. ಕಣ್ಣು ತಾನಾಗಿ ಮುಚ್ಚುತ್ತದೆ, ತಲೆ ಬಾಗುತ್ತದೆ. ಆ ಫೋನಿನಲ್ಲಿ ಅಲುಗಾಡದ ಮುಖವನ್ನು ನೋಡಿಕೊಂಡು ಕೂರುವುದು ಆಕೆಯಿಂದ ಇನ್ನೆಂದಿಗೂ ಆಗದು.

ಮೊನ್ನೆ ಹಾಗೆಯೇ ಆಯಿತು. ದಾಬೋಳಿಯ ಬಳಿ ನಾನು ತೂಕಡಿಸಿರಬೇಕು. ತಾಟಿನ ಸದ್ದಿಗೆ ಗದಗಿನವನು ಬೆಚ್ಚಿಬಿದ್ದ.

"ಗುರುಗಳ, ಎದ್ದೇಳ್ರಿ. ಅಕ್ಕಾರು ಬಡಿಯಾಕತ್ತಾರ ನೋಡ್ರಿ."

ಕಣ್ಣು ತೆರೆದೆ. ಆಕೆ ಚಮಚೆಯನ್ನು ಎತ್ತಿ ಹಿಡಿದಿದ್ದರು. ಇನ್ನೊಂದು ಕೈಯ ಬೆರಳುಗಳು ತುಟಿಯ ಮುಂದೆ ಆಡುತ್ತಿದ್ದವು, ಆಡುತ್ತಲೇ ಇದ್ದವು. ನಾನು ಪಾರಾಯಣ ಆರಂಭಿಸಲು ನೋಡಿದೆ. ಗಂಟಲಿನಿಂದ ದನಿ ಹೊರಡಲಿಲ್ಲ. ಶಾಸ್ತ್ರದಲ್ಲಿ ಉಪಾಂಶು ಎಂಬ ಜಪವನ್ನು ಹೇಳಿದ್ದಾರೆ: ತುಟಿ ಮಾತ್ರ ಆಡಬೇಕು, ಪಕ್ಕದಲ್ಲಿರುವವನಿಗೂ ಕೇಳಿಸಬಾರದು. ಗಟ್ಟಿಯಾಗಿ ಹೇಳುವುದಕ್ಕಿಂತ ಅದು ಮೇಲೆಂದು ಬಾಲ್ಯದಲ್ಲೇ ಪಾಠವಾಗಿತ್ತು. ನನ್ನ ದನಿಯ ಮೇಲಿನ ಮೋಹದಿಂದ ನಾನು ಅದನ್ನು ಎಂದೂ ಮಾಡಿದವನಲ್ಲ.

ಬಾಗಿ, ಡಬ್ಬಿಯ ಮೇಲೆ ಬೆರಳಿಟ್ಟುಕೊಂಡೆ. ಬೆಚ್ಚಗಿತ್ತು. ಸದ್ದಿಲ್ಲದೆ ತುಟಿ ಆಡಿಸತೊಡಗಿದೆ. ಆಕೆ ಮುಖವನ್ನು ಹತ್ತಿರ ತಂದು ಬಹಳ ಹೊತ್ತು ನೋಡಿದರು. ಚಮಚೆಯನ್ನು ಕೆಳಗಿಟ್ಟರು. ಪತ್ರಿಕೆಯನ್ನು ಸರಿಸಿ, ಸೂಜಿ ಕೈಗೆತ್ತಿಕೊಂಡರು. ಒಂದೊಂದು ಹೊಲಿಗೆಗೂ ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ಕಾರು ಗುಡ್ಡವೇರಿ ನಮ್ಮ ಮನೆಯ ಮುಂದೆ ಬಂತು. ಗದಗಿನವನು ಅದನ್ನು ಹಿಂದೆ ಮುಂದೆ ತಿರುಗಿಸಿ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಇಳಿಯಿರೆಂದು ಬಾಗಿಲು ತೆರೆದ. ಆಕೆ ಇನ್ನೂ ನೋಡುತ್ತಿದ್ದರು. ನಾನು ತುಟಿ ನಿಲ್ಲಿಸಲಿಲ್ಲ.